ಮರದ ಗರಗಸದಲ್ಲಿ ಪಿವಿಸಿ ಪೈಪ್ ಕೊಯ್ಯಬಹುದಾ? ಯಾವ ಪೈಪಿಗೆ ಯಾವ ಸಲಕರಣೆ

ಪಿವಿಸಿ ಪೈಪ್ ಕೊಯ್ಯುವುದು ಏನೂ ಕಷ್ಟದ ಕೆಲಸವಲ್ಲ. ಹಲ್ಲಿರುವ ಯಾವುದರಲ್ಲಿ ಉಜ್ಜಿದರೂ ಅದು ತುಂಡಾಗುತ್ತದೆ. ಹಲ್ಲೇ ಇಲ್ಲದ ದಾರದಲ್ಲೂ ತುಂಡಾಗುತ್ತದೆ, ಆ ಕಥೆ ಮುಂದೆ ಬರುತ್ತದೆ. ಕಷ್ಟ ಇರುವುದು ನೇರವಾಗಿ ಕೊಯ್ಯುವುದರಲ್ಲಿ, ಅಂಚು ಒಡೆಯದ ಹಾಗೆ ಕೊಯ್ಯುವುದರಲ್ಲಿ.

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಬಾವಿಯಿಂದ ಅಡಿಕೆ ತೋಟಕ್ಕೆ ಹೋಗುವ 63ರ ಪೈಪ್, ಅಂದರೆ ಹೊರ ಅಗಲ 63 ಮಿ.ಮೀ ಇರುವಂಥದ್ದು, ಒಂದು ಕಡೆ ಒಡೆದಿತ್ತು. ಪ್ಲಂಬರ್ "ನಾಳೆ ಬರ್ತೆ" ಅಂದವನು ನಾಲ್ಕು ದಿನವಾದರೂ ಬರಲಿಲ್ಲ. ಕೊಟ್ಟಿಗೆ ಅಟ್ಟದಲ್ಲಿ ಅಜ್ಜನ ಕಾಲದ ದೊಡ್ಡ ಗರಗಸ ಇತ್ತು. ಅದನ್ನೇ ಇಳಿಸಿಕೊಂಡು ಕೂತೆ. ಮೊದಲ ನಾಲ್ಕು ಎಳೆತ ಸಲೀಸು. ಆಮೇಲೆ ಗರಗಸ ಗಕ್ಕಂತ ಹಿಡಿಯುತ್ತದೆ, ಜೋರು ಮಾಡಿದರೆ ಹಾರುತ್ತದೆ. ಅಂತೂ ಪೈಪ್ ತುಂಡಾಯಿತು. ಅಂಚು ಇಲಿ ಕಡಿದ ಹಾಗೆ, ಅದೂ ಓರೆಯಾಗಿ. ಸಲ್ಯೂಷನ್ (ಪೈಪಿನ ಅಂಟು) ಜಾಸ್ತಿ ಬಳಿದರೆ ಸರಿಹೋಗುತ್ತದೆ ಅಂದುಕೊಂಡು ಎರಡು ತುಂಡು ಸೇರಿಸುವ ಸಾಕೆಟ್ ಹಾಕಿಬಿಟ್ಟೆ. ಮೂರನೇ ದಿನ ಮೋಟರ್ ಹಾಕುವಾಗ ಜಾಯಿಂಟ್ ಕಳಚಿ, ನೀರು ಅಡಿಕೆ ಗೊನೆಯವರೆಗೆ ಹಾರಿತು.

ಅವತ್ತು ಬಾಗಿಲ ಕೆಲಸಕ್ಕೆ ಬಂದಿದ್ದ ನಮ್ಮ ಆಚಾರ್ರು ಆ ಗರಗಸ ನೋಡಿ ನಕ್ಕರು. "ಮಾರಾಯ್ರೇ, ಇದು ಸೀಳೋ ಗರಗಸ. ಅಡ್ಡ ಕೊಯ್ಯೋಕೆ ಇದನ್ನ ಹಿಡಿದ್ರೆ ಮರವೇ ಅಳ್ತದೆ, ಇನ್ನು ಪೈಪ್ ಸುಮ್ನೆ ಇರ್ತದಾ?" ಅಂದರು. ಆಮೇಲೆ ತಮ್ಮ ಚೀಲದಿಂದ ಸಣ್ಣ ಹಲ್ಲಿನ ಗರಗಸ ತೆಗೆದು ಅರ್ಧ ನಿಮಿಷದಲ್ಲಿ ಕೊಯ್ದು ಕೊಟ್ಟರು. ಗೆರೆ ಹೊಡೆದ ಹಾಗಿತ್ತು.

ಓರೆಯಾದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. 63ರ ಪೈಪಿನ ಸಾಕೆಟ್ ಆಳ ಸುಮಾರು 38 ಮಿ.ಮೀ. ಪೈಪ್ ಅಷ್ಟೂ ಒಳಗೆ ಕೂತು, ಸುತ್ತಲೂ ಅಂಟಿಕೊಂಡರೆ ಮಾತ್ರ ಜಾಯಿಂಟ್ ಗಟ್ಟಿ. ಕೊಯ್ದದ್ದು 8 ಮಿ.ಮೀ ಓರೆಯಾದರೆ ಒಂದು ಬದಿ ತಳ ಮುಟ್ಟುವಾಗ ಇನ್ನೊಂದು ಬದಿ 8 ಮಿ.ಮೀ ಮೇಲೇ ನಿಂತಿರುತ್ತದೆ. ಆ ಬದಿಯಲ್ಲಿ ಹಿಡಿತ ಐದರಲ್ಲಿ ಒಂದು ಪಾಲು ಹೋಯಿತು. ಅರ್ಧ ಇಂಚಿನ ಪೈಪಿನಲ್ಲಿ ಸಾಕೆಟ್ ಆಳವೇ 16 ಮಿ.ಮೀ. ಅಲ್ಲಿ 4 ಮಿ.ಮೀ ಓರೆಯಾದರೂ ಕಾಲು ಭಾಗ ಖೋತಾ.

ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ನಾನು ವೇಗಕ್ಕೆ ಜಾಸ್ತಿ ಬೆಲೆ ಕೊಟ್ಟಿಲ್ಲ. ನೇರ ಬರುತ್ತದಾ, ಅಂಚು ಉಳಿಯುತ್ತದಾ, ಬೆರಳು ಉಳಿಯುತ್ತದಾ, ಇಷ್ಟೇ ನೋಡಿದ್ದೇನೆ.

ಮೊದಲು ಕೈಯಲ್ಲಿರುವ ಪೈಪ್ ಯಾವುದು ನೋಡಿ

ಬೂದು ಅಥವಾ ಬಿಳಿ ಬಣ್ಣದ್ದು ಪಿವಿಸಿ. ತೋಟ, ಟ್ಯಾಂಕ್, ಮಳೆನೀರು ಎಲ್ಲಕ್ಕೂ ಅದೇ. ಈ ಬರಹ ಮುಖ್ಯವಾಗಿ ಅದರ ಬಗ್ಗೆ. ಕೆನೆ ಬಣ್ಣದ್ದು ಸಿಪಿವಿಸಿ, ಬಾತ್‌ರೂಮಿನ ಬಿಸಿನೀರಿಗೆ ಹಾಕುವಂಥದ್ದು. ಕೊಯ್ಯುವ ರೀತಿ ಹೆಚ್ಚುಕಡಿಮೆ ಒಂದೇ, ಆದರೆ ಅದು ಬೇಗ ಬಿರುಕು ಬಿಡುತ್ತದೆ.

ಸುರುಳಿಯಾಗಿ ಬರುವ ಕಪ್ಪು ಎಚ್‌ಡಿಪಿಇ ಪೈಪಿನ ಜಾತಿಯೇ ಬೇರೆ. ಮೇಣದ ಹಾಗೆ ಮೆತ್ತಗೆ, ಜಾರು. ಗರಗಸ ಹಾಕಿದರೆ ಹಲ್ಲಿಗೆ ಎಳೆಎಳೆಯಾಗಿ ಸುತ್ತಿಕೊಳ್ಳುತ್ತದೆ. ಸಣ್ಣ ಸೈಜಾದರೆ ಚೂಪಾದ ಚಾಕು ಸಾಕು. ಡ್ರಿಪ್ಪಿನ 16 ಮಿ.ಮೀ ಪೈಪಿಗಂತೂ ಗಿಡ ಸವರುವ ಕತ್ತರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಅದಕ್ಕೆ ಗರಗಸ ತರಲು ಹೋಗಬೇಡಿ.

ಪೈಪಿನ ವಯಸ್ಸನ್ನೂ ನೋಡಬೇಕು. ನಾಲ್ಕೈದು ಬೇಸಿಗೆ ಬಿಸಿಲು ತಿಂದ ಪಿವಿಸಿ ಬಣ್ಣ ಕಳೆದುಕೊಂಡು ಗಡುಸಾಗಿರುತ್ತದೆ. ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ. ಅಂಥದ್ದನ್ನು ಅದುಮಿ ಕತ್ತರಿಸಿದರೆ ಗಾಜಿನ ಹಾಗೆ ಸೀಳುತ್ತದೆ. ಅದಕ್ಕೆ ಸಣ್ಣ ಹಲ್ಲಿನ ಕೈಗರಗಸ ಒಂದೇ ಗತಿ.

ಇನ್ನೊಂದು ವಿಷಯ. ಪೈಪ್ ಒಳ್ಳೆಯದೋ ಕಳಪೆಯೋ ಅಂತ ಕೊಯ್ಯುವಾಗಲೇ ಸ್ವಲ್ಪ ಅಂದಾಜಾಗುತ್ತದೆ. ಸುಣ್ಣದ ಕಲ್ಲಿನ ಪುಡಿ ಜಾಸ್ತಿ ಬೆರೆಸಿದ ಅಗ್ಗದ ಪೈಪಿನಲ್ಲಿ ಹಿಟ್ಟಿನಂಥ ಪುಡಿ ಉದುರುತ್ತದೆ, ಅಂಚು ಬೇಗ ಚಕ್ಕೆ ಏಳುತ್ತದೆ. ಒಳ್ಳೆಯ ಪೈಪಿನಲ್ಲಿ ತೆಂಗಿನಕಾಯಿ ತುರಿಯ ಹಾಗೆ ಎಸಳೆಸಳಾಗಿ ಬರುತ್ತದೆ.

ಹಲ್ಲಿನ ಲೆಕ್ಕ

ನನ್ನ ಅಜ್ಜನ ಗರಗಸ ಯಾಕೆ ಹಾರಿತು? ಅದರಲ್ಲಿ ಇಂಚಿಗೆ ಐದು ಹಲ್ಲು. ಅಂದರೆ ಹಲ್ಲಿನಿಂದ ಹಲ್ಲಿಗೆ 5 ಮಿ.ಮೀ ಅಂತರ. ಪೈಪಿನ ಗೋಡೆ ಎರಡು ಮಿ.ಮೀ ಚಿಲ್ಲರೆ. ಗೋಡೆ ಎರಡು ಹಲ್ಲಿನ ನಡುವಿನ ಸಂದಿಗೆ ಬೀಳುತ್ತದೆ, ಮುಂದಿನ ಹಲ್ಲು ಬಂದು ಅದನ್ನು ಗುದ್ದುತ್ತದೆ. ಕೊಯ್ಯುವುದಲ್ಲ, ಒಡೆಯುವುದು.

ಶುರುವಿನಲ್ಲಿ ಹೀಗಾಗುವುದಿಲ್ಲ, ಅದೇ ಮೋಸ. ಪೈಪಿನ ನೆತ್ತಿಯ ಮೇಲೆ ಗರಗಸ ಇಟ್ಟಾಗ ಹಲ್ಲಿಗೆ ಅಗಲವಾದ ಜಾಗ ಸಿಗುತ್ತದೆ, ಹಲವು ಹಲ್ಲು ಒಟ್ಟಿಗೆ ಕೆಲಸ ಮಾಡುತ್ತವೆ. ಅರ್ಧಕ್ಕೆ ಇಳಿದಾಗ ಆ ಕಡೆ ಒಂದು ತೆಳು ಗೋಡೆ, ಈ ಕಡೆ ಒಂದು ತೆಳು ಗೋಡೆ, ಅಷ್ಟೇ. ಹಿಡಿಯುವುದು ಅಲ್ಲೇ.

ಲೋಹ ಕೊಯ್ಯುವವರು ಒಂದು ಸೂತ್ರ ಹೇಳುತ್ತಾರೆ. ಗೋಡೆಯ ದಪ್ಪದೊಳಗೆ ಯಾವಾಗಲೂ ಎರಡು ಮೂರು ಹಲ್ಲು ಇರಬೇಕು ಅಂತ. ಪ್ಲಾಸ್ಟಿಕ್ಕಿಗೂ ಅದೇ ಸರಿ. ಇಂಚಿಗೆ 24 ಹಲ್ಲಿನ ಬ್ಲೇಡಿನಲ್ಲಿ ಅಂತರ 1 ಮಿ.ಮೀ ಚಿಲ್ಲರೆ. ಎರಡು ಮಿ.ಮೀ ಗೋಡೆಗೆ ಅದು ಒಪ್ಪುತ್ತದೆ. 12ರಿಂದ 14 ಹಲ್ಲಿನ ಮರದ ಗರಗಸದಲ್ಲಿ ಸುಮಾರು 2 ಮಿ.ಮೀ. ಕೈ ಹಗುರವಾಗಿದ್ದರೆ ಅದೂ ನಡೆಯುತ್ತದೆ. ಇಂಚಿಗೆ ಏಳೆಂಟು ಹಲ್ಲಿನ ಸಾಮಾನ್ಯ ಗರಗಸವನ್ನು ಬೋರ್‌ವೆಲ್ಲಿಗೆ ಇಳಿಸುವ ದಪ್ಪ ಗೋಡೆಯ ಕೇಸಿಂಗ್ ಪೈಪಿಗೆ ಇಟ್ಟುಕೊಳ್ಳಿ, ಅಲ್ಲಿ ಅದು ಚೆನ್ನಾಗಿ ಓಡುತ್ತದೆ.

ಕೈಗರಗಸಗಳು

ಅಂಗಡಿಯಲ್ಲಿ ನಾವು ಆಕ್ಸಾ ಬ್ಲೇಡ್ ಅಂತ ಕೇಳುವ ಹ್ಯಾಕ್ಸಾ ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಮರಗೆಲಸದ್ದಲ್ಲ, ಆದರೆ ಹೋಲಿಸಲು ಬೇಕಲ್ಲ. ಅರ್ಧ ಇಂಚಿನಿಂದ ಒಂದೂವರೆ ಇಂಚಿನವರೆಗೆ ಅದಕ್ಕೆ ಹೆಸರಿಡುವ ಹಾಗಿಲ್ಲ. ದೊಡ್ಡ ಪೈಪಿಗೆ ಬಂದಾಗ ಎರಡು ತೊಂದರೆ. ಒಂದು, ಬ್ಲೇಡ್ ಸಪೂರ, ಬಳುಕುತ್ತದೆ, ಗೆರೆ ಬಿಟ್ಟು ಹೋಗುತ್ತದೆ. ಎರಡು, ಮೇಲಿನ ಫ್ರೇಮ್. 110ರ ಪೈಪಿನಲ್ಲಿ ಬ್ಲೇಡ್ ತಳ ಮುಟ್ಟುವ ಮೊದಲೇ ಫ್ರೇಮ್ ಪೈಪಿನ ನೆತ್ತಿಗೆ ತಾಗುತ್ತದೆ. ಪೈಪನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಹಿಡಿಯಬೇಕು. ಎರಡು ಕೊಯ್ತ ಸೇರುವಲ್ಲಿ ಮೆಟ್ಟಿಲು ಬೀಳುತ್ತದೆ.

ಬಡಗಿಯ ಗರಗಸ ಗೆಲ್ಲುವುದು ಇಲ್ಲೇ. ಅದಕ್ಕೆ ಫ್ರೇಮ್ ಇಲ್ಲ. ಅಲಗು ಅಗಲ, ಹಾಗಾಗಿ ಒಮ್ಮೆ ದಾರಿ ಹಿಡಿದರೆ ಆ ಕಡೆ ಈ ಕಡೆ ಹೋಗುವುದಿಲ್ಲ. ಬೆನ್ನಿಗೆ ಪಟ್ಟಿ ಇರುವ ಸಣ್ಣ ಹಲ್ಲಿನ ಗರಗಸ, ಅಂದರೆ ಟೆನನ್ ಸಾ, ಎರಡು ಇಂಚಿನವರೆಗಿನ ಪೈಪಿಗೆ ನನ್ನ ಮೊದಲ ಆಯ್ಕೆ. ಅದಕ್ಕಿಂತ ದೊಡ್ಡದಾದರೆ ಬೆನ್ನಿನ ಪಟ್ಟಿಯೇ ಅಡ್ಡ ಬರುತ್ತದೆ.

ಈಗ ಆನ್‌ಲೈನಿನಲ್ಲಿ ಜಪಾನಿ ಗರಗಸ ಸುಲಭವಾಗಿ ಸಿಗುತ್ತದೆ. ಇದು ದೂಡುವಾಗ ಅಲ್ಲ, ಎಳೆಯುವಾಗ ಕೊಯ್ಯುತ್ತದೆ. ಎಳೆದಾಗ ಅಲಗು ಬಿಗಿಯಾಗಿ ನೇರ ನಿಲ್ಲುತ್ತದೆ, ಅದಕ್ಕೇ ಅದನ್ನು ತುಂಬಾ ತೆಳುವಾಗಿ ಮಾಡಲು ಆಗುತ್ತದೆ. 110ರ ಪೈಪನ್ನು ಇದರಲ್ಲಿ ಕೊಯ್ದರೆ ಅಂಚು ಬೆಣ್ಣೆಯ ಹಾಗೆ ಬರುತ್ತದೆ. ಆದರೆ ಹಲ್ಲು ನಾಜೂಕು. ತೋಟದಲ್ಲಿ ಕೆಸರು ಮೆತ್ತಿದ ಪೈಪಿಗೆ ಹಾಕಿ ಎರಡು ಹಲ್ಲು ಕಳೆದುಕೊಂಡಿದ್ದೇನೆ. ಮರಳು ಅಂಟಿದ್ದರೆ ಮೊದಲು ತೊಳೆಯಿರಿ, ಇಲ್ಲವೇ ಆಕ್ಸಾ ಬ್ಲೇಡನ್ನೇ ಹಿಡಿಯಿರಿ. ಆ ಬ್ಲೇಡ್ ಹಾಳಾದರೆ ಯಾರೂ ಅಳುವುದಿಲ್ಲ.

ಇನ್ನು ಗೆರೆ. ಕಣ್ಣಂದಾಜಿನಲ್ಲಿ ಕೊಯ್ಯುತ್ತೇನೆ ಅನ್ನುವವರು ಇದ್ದಾರೆ. ನನಗೆ ಆ ಕಣ್ಣಿಲ್ಲ. ನನ್ನ ಉಪಾಯ ಹಳೆಯ ಪೇಪರ್. ನೇರ ಅಂಚಿರುವ ಹಾಳೆಯನ್ನು ಪೈಪಿಗೆ ಬಿಗಿಯಾಗಿ ಒಂದೂವರೆ ಸುತ್ತು ಸುತ್ತಬೇಕು. ಒಳಸುತ್ತಿನ ಅಂಚಿನ ಮೇಲೆ ಹೊರಸುತ್ತಿನ ಅಂಚು ಸರಿಯಾಗಿ ಕೂರುವ ಹಾಗೆ ಎಳೆಯಬೇಕು. ಅಂಚು ಕೂಡಿತು ಅಂದರೆ ಅದು ಪೈಪಿಗೆ ಲಂಬಕೋನವಾಗಿಯೇ ಇದೆ, ಬೇರೆ ದಾರಿಯೇ ಇಲ್ಲ. ಪೆನ್ನಿನಲ್ಲಿ ಸುತ್ತಲೂ ಗೆರೆ ಎಳೆಯಿರಿ.

ಗೆರೆ ಇದ್ದರೂ ಮೇಲಿನಿಂದ ಕೆಳಗೆ ಒಂದೇ ಸಮ ಕೊಯ್ಯಬೇಡಿ. ಗೆರೆಯ ಮೇಲೆ ಗೋಡೆ ದಾಟುವಷ್ಟು ಮಾತ್ರ ಕೊಯ್ದು, ಪೈಪನ್ನು ಸ್ವಲ್ಪ ತಿರುಗಿಸಿ, ಅದೇ ದಾರಿಯಲ್ಲಿ ಗರಗಸ ಇಟ್ಟು ಮುಂದುವರಿಸಿ. ಹೀಗೆ ಸುತ್ತು ಬಂದರೆ ಗರಗಸಕ್ಕೆ ಹಿಂದಿನ ಕೊಯ್ತವೇ ದಾರಿ ತೋರಿಸುತ್ತದೆ. ಹಲ್ಲು ಹಿಡಿಯುವ ತೊಂದರೆಯೂ ಇಲ್ಲ, ಯಾಕೆಂದರೆ ಯಾವಾಗಲೂ ನೆತ್ತಿಯ ಮೇಲೆಯೇ ಕೊಯ್ಯುತ್ತಿರುತ್ತೀರಿ.

ಸಣ್ಣ ಪೈಪ್ ಹತ್ತಾರು ಕೊಯ್ಯುವುದಿದ್ದರೆ ಮೈಟರ್ ಬಾಕ್ಸ್, ಅಂದರೆ ಗರಗಸವನ್ನು ನೇರ ದಾರಿಯಲ್ಲಿ ಹಿಡಿದಿಡುವ ಪೆಟ್ಟಿಗೆ, ಮಾಡಿಕೊಳ್ಳಿ. ಕೊಂಡರೆ ಕೆಲವು ನೂರು ರೂಪಾಯಿ, ಮಾಡಿದರೆ ಮೂರು ಹಲಗೆ ತುಂಡು. ತಳಕ್ಕೆ ಒಂದು, ಬದಿಗೆ ಎರಡು, ನಡುವೆ ಪೈಪ್ ಸರಿಯಾಗಿ ಕೂರುವಷ್ಟು ಜಾಗ. ಬದಿ ಹಲಗೆಗಳಲ್ಲಿ ಮೂಲೆಮಟ್ಟ ಇಟ್ಟು ನೇರವಾಗಿ ಒಂದು ಸಂದಿ ಕೊಯ್ದುಕೊಂಡರೆ ಮುಗಿಯಿತು. ನಾನು ಹಲಸಿನ ಹಲಗೆಯ ಚೂರಲ್ಲಿ ಮಾಡಿದ್ದು ಮೂರು ವರ್ಷದಿಂದ ಓಡುತ್ತಿದೆ. ಸಂದಿ ಈಗ ಸ್ವಲ್ಪ ಅಗಲವಾಗಿದೆ, ಹೊಸದು ಮಾಡಬೇಕು.

ಜಿಗ್‌ಸಾ

ಸಪೂರ ಬ್ಲೇಡ್ ಮೇಲೆ ಕೆಳಗೆ ಆಡುವ ಕೈಯಂತ್ರ ಇದು. ನೇರ ಕೊಯ್ಯಲು ಬೇಡ. ಬ್ಲೇಡ್ ಒಂದು ತುದಿಯಲ್ಲಿ ಮಾತ್ರ ಹಿಡಿದಿರುತ್ತದೆ, ದುಂಡಗಿನ ವಸ್ತುವಿನಲ್ಲಿ ಅದು ಒಳಗೊಳಗೇ ಬಾಗುತ್ತದೆ. ಮೇಲೆ ಗೆರೆಯ ಮೇಲೇ ಇರುತ್ತದೆ, ಕೆಳಗೆ ನೋಡಿದರೆ ಎಲ್ಲೋ ಹೋಗಿರುತ್ತದೆ. ಇನ್ನೊಂದು ತಾಪತ್ರಯ ನನಗೆ ಮೊದಲು ಅರ್ಥವೇ ಆಗಿರಲಿಲ್ಲ. 63ರ ಪೈಪಿನ ಒಳಗೆ ಇಳಿದ ಬ್ಲೇಡಿನ ತುದಿ ಎದುರು ಗೋಡೆಗೆ ಟಕಟಕ ಅಂತ ಗುದ್ದುತ್ತಿತ್ತು. ಯಂತ್ರವೇ ಮೇಲಕ್ಕೆ ನೆಗೆಯುತ್ತಿತ್ತು. ಬ್ಲೇಡಿನ ಉದ್ದಕ್ಕೂ ಪೈಪಿನ ಒಳ ಅಗಲಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಹೀಗೇ.

ಹಾಗಂತ ಜಿಗ್‌ಸಾ ದಂಡ ಅಲ್ಲ. 110ರ ಪೈಪಿನ ಬೆನ್ನಿಗೆ ಕಿಟಕಿ ತೆಗೆದು ಸೊಪ್ಪು ಬೆಳೆಸುವ ತೊಟ್ಟಿ ಮಾಡಬೇಕು ಅಂದರೆ ಇದರಷ್ಟು ಹಗುರ ಕೆಲಸ ಬೇರೆ ಯಾವುದರಲ್ಲೂ ಆಗುವುದಿಲ್ಲ. ಮೂಲೆಗಳಲ್ಲಿ ಡ್ರಿಲ್ಲಿಂದ ತೂತು ಕೊರೆದು, ಬ್ಲೇಡ್ ಇಳಿಸಿ, ವೇಗ ಕಡಿಮೆ ಇಟ್ಟು ಕೊಯ್ಯಿರಿ. ವೇಗ ಜಾಸ್ತಿಯಾದರೆ ಕೊಯ್ದ ದಾರಿ ಹಿಂದಿನಿಂದ ಕರಗಿ ಅಂಟಿಕೊಳ್ಳುತ್ತದೆ. ತುಂಡು ಬಿದ್ದಿದೆ ಅಂದುಕೊಂಡು ತಟ್ಟಿದರೆ ಬೀಳುವುದೇ ಇಲ್ಲ.

ಮೈಟರ್ ಸಾ

ತಿರುಗುವ ದುಂಡು ಬ್ಲೇಡನ್ನು ಮೇಲಿನಿಂದ ಇಳಿಸಿ ಕೊಯ್ಯುವ ಯಂತ್ರ ಇದು. ಒಂದೇ ಅಳತೆಯ ತುಂಡು ನಲವತ್ತು ಐವತ್ತು ಬೇಕಾದಾಗ ಇದನ್ನು ಬಿಟ್ಟರೆ ಇಲ್ಲ. ಸ್ಪ್ರಿಂಕ್ಲರ್ ನಿಲ್ಲಿಸುವ ಕಡ್ಡಿಗಳನ್ನು ನಾನು ಇದರಲ್ಲೇ ಕೊಯ್ದೆ. ಒಂದಕ್ಕೆ ಮೂರು ಸೆಕೆಂಡ್. ಎಲ್ಲವೂ ನೇರ, ಎಲ್ಲವೂ ಒಂದೇ ಉದ್ದ.

ಬ್ಲೇಡ್ ಮಾತ್ರ ನೋಡಿ ಹಾಕಬೇಕು. ಮರಕ್ಕೆ ಅಂತ ಬರುವ 24 ಅಥವಾ 40 ಹಲ್ಲಿನ ಬ್ಲೇಡ್ ಪೈಪನ್ನು ಕಚ್ಚಿ ಎಳೆಯುತ್ತದೆ. 10 ಇಂಚಿನ ಯಂತ್ರಕ್ಕೆ 60ರಿಂದ 80 ಹಲ್ಲಿನದ್ದು ಬೇಕು. ಹಲ್ಲು ಮುಂದಕ್ಕೆ ಬಾಗಿರುವುದು ಕಡಿಮೆಯಾದಷ್ಟೂ ಒಳ್ಳೆಯದು. ಅಲ್ಯೂಮಿನಿಯಂ ಕಿಟಕಿ ಮಾಡುವವರು ಬಳಸುವ ಬ್ಲೇಡ್ ಸಿಕ್ಕರೆ ಇನ್ನೂ ಚೆನ್ನ, ಅದರ ಹಲ್ಲು ಕಚ್ಚದೆ ಕೆರೆಯುವ ಹಾಗೆ ಇರುತ್ತದೆ.

ಪೈಪ್ ದುಂಡಗೆ, ಅದು ಉರುಳುತ್ತದೆ. ಹಲಗೆಗೆ ಎರಡು ರಿಪೀಸು ಹೊಡೆದು ತೊಟ್ಟಿಲಿನ ಹಾಗೆ ಮಾಡಿ, ಅದರಲ್ಲಿ ಪೈಪ್ ಕೂರಿಸಿ ಕ್ಲಾಂಪ್ ಹಾಕಿ. ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮೆಲ್ಲಗೆ ಇಳಿಸಬೇಕು. ಆದರೆ ನಡುವೆ ನಿಲ್ಲಿಸಬಾರದು, ನಿಂತಲ್ಲೇ ತಿರುಗಿದರೆ ಪಿವಿಸಿ ಬಿಸಿಯಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಕೊಯ್ದು ಮುಗಿದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡ್ ನಿಲ್ಲುವವರೆಗೆ ಕಾದು, ಆಮೇಲೆ ಎತ್ತಿ. ತಿರುಗುವಾಗಲೇ ಎತ್ತಿದರೆ ಈಚೆ ಬಿದ್ದ ಚೂರನ್ನು ಅದು ಹಿಡಿದು ಎಸೆಯುತ್ತದೆ. ಎರಡು ಇಂಚಿಗಿಂತ ಸಣ್ಣ ಚೂರು ಇದರಲ್ಲಿ ಕೊಯ್ಯಲೇಬೇಡಿ, ಅದಕ್ಕೆ ಕೈಗರಗಸ ಇದೆ.

ನನ್ನ ಪೆದ್ದುತನ ಒಂದನ್ನು ಇಲ್ಲಿ ಹೇಳಿಬಿಡುತ್ತೇನೆ. 20 ಅಡಿ ಪೈಪ್, ಒಂದೊಂದು ಅಡಿಯ ಕಡ್ಡಿ, ಒಂದು ಪೈಪಿಗೆ 20 ಕಡ್ಡಿ ಅಂತ ಲೆಕ್ಕ ಹಾಕಿ ಪೈಪ್ ತಂದಿದ್ದೆ. ಪ್ರತಿ ಪೈಪಿನಲ್ಲೂ 19 ಮಾತ್ರ ಬಂತು. ಅಂಗಡಿಯವರು 20 ಅಡಿ ಅನ್ನುವುದು ಅಸಲಿಗೆ 6 ಮೀಟರ್, ಅಂದರೆ 19 ಅಡಿ 8 ಇಂಚು. ಸಾಲದ್ದಕ್ಕೆ ಬ್ಲೇಡ್ ತಿನ್ನುವ ಪಾಲು. ಒಂದು ಕೊಯ್ತಕ್ಕೆ ಎರಡೂವರೆ ಮಿ.ಮೀ ಅಂದರೂ 19 ಕೊಯ್ತಕ್ಕೆ ಹತ್ತಿರ ಹತ್ತಿರ ಎರಡು ಇಂಚು ಪುಡಿಯಾಗಿ ಹೋಗುತ್ತದೆ. ಉಳಿದದ್ದು ಆರು ಇಂಚಿನ ಚೂರು. ಜಪಾನಿ ಗರಗಸದಲ್ಲಾದರೆ ಪುಡಿ ಕಡಿಮೆ, ಆದರೆ ಇಪ್ಪತ್ತನೇ ಕಡ್ಡಿ ಅದರಲ್ಲೂ ಹುಟ್ಟುವುದಿಲ್ಲ.

ಉದ್ದದ ಮಾತು ಬಂದದ್ದಕ್ಕೆ ಇನ್ನೊಂದು. ಬಿಸಿಲಿನಲ್ಲಿ ಬಿದ್ದ ಪೈಪನ್ನು ಮಧ್ಯಾಹ್ನ ಅಳೆದು ಕೊಯ್ಯಬೇಡಿ. 6 ಮೀಟರ್ ಪೈಪ್ 20 ಡಿಗ್ರಿ ಬಿಸಿ ಏರಿದರೆ ಸುಮಾರು 8 ಮಿ.ಮೀ ಹಿಗ್ಗುತ್ತದೆ. ಬೆಳಿಗ್ಗೆ ನೋಡಿದರೆ ಗಿಡ್ಡವಾಗಿರುತ್ತದೆ.

110ರ ಪೈಪ್ 10 ಇಂಚಿನ ಯಂತ್ರದಲ್ಲೂ ಸಾಮಾನ್ಯವಾಗಿ ಒಂದೇ ಸಲಕ್ಕೆ ತುಂಡಾಗುವುದಿಲ್ಲ, ಬ್ಲೇಡ್ ಅಷ್ಟು ಆಳ ಇಳಿಯುವುದಿಲ್ಲ. ಬ್ಲೇಡ್ ನಿಲ್ಲಿಸಿ, ಪೈಪ್ ತಿರುಗಿಸಿ, ಮತ್ತೆ ಶುರು ಮಾಡಬೇಕು. ಅಷ್ಟಕ್ಕೆ ಕೈಗರಗಸವೇ ಲೇಸು.

ಟೇಬಲ್ ಸಾ, ಬ್ಯಾಂಡ್ ಸಾ

ಬ್ಯಾಂಡ್ ಸಾ, ಅಂದರೆ ಪಟ್ಟಿಯಂಥ ಬ್ಲೇಡ್ ಸುತ್ತುವ ಯಂತ್ರ, ಇದ್ದವರು ಪುಣ್ಯವಂತರು. ತೊಟ್ಟಿಲಿನಲ್ಲಿ ಪೈಪ್ ಇಟ್ಟು ದೂಡಿದರೆ ಚೆನ್ನಾಗಿ ಕೊಯ್ಯುತ್ತದೆ. ತೊಟ್ಟಿಲಿಲ್ಲದೆ ಬರಿಗೈಯಲ್ಲಿ ದೂಡಿದರೆ ಬ್ಲೇಡ್ ಪೈಪನ್ನು ಉರುಳಿಸಿ ಒಳಗೆಳೆದುಕೊಳ್ಳುತ್ತದೆ, ಜೊತೆಗೆ ಕೈಯನ್ನೂ.

ಮೇಜಿನ ನಡುವಿನಿಂದ ದುಂಡು ಬ್ಲೇಡ್ ಮೇಲೆದ್ದಿರುವ ಟೇಬಲ್ ಸಾದಲ್ಲಿ ಅಡ್ಡ ಕೊಯ್ಯುವ ಗೋಜಿಗೆ ನಾನು ಹೋಗುವುದಿಲ್ಲ. ಉದ್ದಕ್ಕೆ ಸೀಳಿ ದೋಣಿ ಮಾಡಬೇಕು, ಸೂರಿನ ನೀರಿಗೆ ಹಾಕಬೇಕು ಅನ್ನುವವರು ಕೆಲವರು ಇದರ ಮೇಲೆ ಹಾಗೇ ದೂಡುತ್ತಾರೆ. ಪೈಪ್ ಅರ್ಧ ಸೀಳಿದಾಗ ಹಿಂದಿನ ಸಂದಿ ಮುಚ್ಚಿಕೊಂಡು ಬ್ಲೇಡನ್ನು ಅದುಮುತ್ತದೆ, ಆಗ ಪೈಪ್ ನಿಮ್ಮ ಕಡೆಗೇ ಹಾರುತ್ತದೆ. ಮಾಡಲೇಬೇಕೆಂದರೆ ಪೈಪನ್ನು ಒಂದು ಉದ್ದ ಹಲಗೆಗೆ ಸ್ಕ್ರೂ ಹಾಕಿ ಬಿಗಿದು, ಹಲಗೆಯನ್ನು ದೂಡಿ. ಆಗ ಅದು ತಿರುಗುವುದಿಲ್ಲ. ನಾನಾದರೆ ಗೆರೆ ಎಳೆದು ಜಿಗ್‌ಸಾದಲ್ಲೇ ನಿಧಾನಕ್ಕೆ ಸೀಳುತ್ತೇನೆ.

ತಿರುಗುವ ಯಂತ್ರ ಯಾವುದೇ ಇರಲಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಪಿವಿಸಿ ಚೂರು ಚೂಪು, ಹಾರುತ್ತದೆ. ಕೈಗವಸು ಮತ್ತು ಸಡಿಲ ತೋಳು ಬೇಡ. ಲುಂಗಿ ಉಟ್ಟುಕೊಂಡು ಈ ಕೆಲಸ ಮಾಡುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ.

ಗ್ರೈಂಡರ್ ಬೇಡ

ನಮ್ಮ ಕಡೆ ಜಾಸ್ತಿ ಬಳಕೆಯಲ್ಲಿರುವುದು ಡಿಸ್ಕ್ ತಿರುಗುವ ಈ ಕೈಯಂತ್ರವೇ, ಅದಕ್ಕೇ ಬೇರೆಯಾಗಿ ಹೇಳುತ್ತಿದ್ದೇನೆ. ಕೈಗೆ ಸಿಗುತ್ತದೆ, ಬೇಗ ಆಗುತ್ತದೆ. ಆದರೆ ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. ಪಿವಿಸಿ ಸುಮಾರು 80 ಡಿಗ್ರಿಗೆಲ್ಲ ಮೆತ್ತಗಾಗುವ ವಸ್ತು. ಕಬ್ಬಿಣ ಕೊಯ್ಯುವ ಡಿಸ್ಕ್ ಅದನ್ನು ಕೊಯ್ಯುವುದಿಲ್ಲ, ಕರಗಿಸುತ್ತದೆ. ಅಂಚಿನ ಸುತ್ತ ಗಂಟುಗಂಟಾಗಿ ಮೇಣದ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಕೆರೆದು ತೆಗೆಯುವ ಹೊತ್ತಿಗೆ ಕೈಗರಗಸದಲ್ಲಿ ಮೂರು ಪೈಪ್ ಕೊಯ್ಯಬಹುದು. ಮೂಗಿಗೆ ಚುಚ್ಚುವ ಆ ವಾಸನೆ ಸುಮ್ಮನೆ ಅಲ್ಲ, ಪಿವಿಸಿ ಜಾಸ್ತಿ ಬಿಸಿಯಾದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಬಾತ್‌ರೂಮಿನಂಥ ಸಣ್ಣ ಜಾಗದಲ್ಲಿ ಗಂಟಲು ಕಿತ್ತು ಬರುತ್ತದೆ.

ಅದಕ್ಕಿಂತ ಕೆಟ್ಟದ್ದು, ಗ್ರೈಂಡರಿಗೋ ಮಾರ್ಬಲ್ ಕಟರಿಗೋ ಗಾರ್ಡ್ ಬಿಚ್ಚಿ ಮರದ ಹಲ್ಲಿನ ಬ್ಲೇಡ್ ಹಾಕುವುದು. ಪೈಪ್ ಬಾಗಿ ಬ್ಲೇಡನ್ನು ಹಿಡಿಯಿತು ಅಂದರೆ ಯಂತ್ರ ಯಾವ ಕಡೆ ಹಾರುತ್ತದೆ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಇದರಲ್ಲಿ ಹೋಲಿಕೆ ಮಾಡಲು ಏನೂ ಇಲ್ಲ.

ಏನೂ ಹೋಗದ ಜಾಗಕ್ಕೆ ದಾರ

ಗೋಡೆಗೆ ಅಂಟಿಕೊಂಡ ಪೈಪ್, ಹಿಂದೆ ಎರಡು ಬೆರಳು ಜಾಗವೂ ಇಲ್ಲ. ಗರಗಸ ಆಡುವುದಿಲ್ಲ. ಅಲ್ಲಿಗೆ ನೈಲಾನ್ ದಾರ. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಎಳೆಯುತ್ತಾರಲ್ಲ, ಅದೇ. ಪೈಪಿನ ಹಿಂದಿನಿಂದ ತೂರಿಸಿ, ಎರಡೂ ತುದಿಗೆ ಕಡ್ಡಿ ಕಟ್ಟಿ, ಮೊಸರು ಕಡೆದ ಹಾಗೆ ಎಳೆಯಬೇಕು. ಉದ್ದ ಉದ್ದ ಎಳೆತ, ನಿಲ್ಲಿಸಬಾರದು. ದಾರದ ಒಂದೊಂದು ಜಾಗ ಪೈಪಿಗೆ ತಾಗುವುದು ಅರೆಕ್ಷಣ, ಆದರೆ ಪೈಪಿನ ಅದೇ ಜಾಗ ಪ್ರತಿ ಸಲವೂ ಉಜ್ಜಿಸಿಕೊಳ್ಳುತ್ತದೆ. ನೈಲಾನ್ ಕರಗಲು 200 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು, ಪಿವಿಸಿ ಅದಕ್ಕೆ ಎಷ್ಟೋ ಮೊದಲೇ ಸೋಲುತ್ತದೆ. ಗಿಡ್ಡ ಎಳೆತ ಎಳೆದರೆ ದಾರವೇ ಒಂದು ಕಡೆ ಬಿಸಿಯಾಗಿ ಕಿತ್ತುಹೋಗುತ್ತದೆ. ಬಿಸಿನೀರಿಗೆಂದೇ ಮಾಡಿದ ಸಿಪಿವಿಸಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಂಚು ಅಷ್ಟೇನೂ ಚಂದ ಇರುವುದಿಲ್ಲ, ಆದರೆ ಗೋಡೆ ಒಡೆಯುವುದು ತಪ್ಪುತ್ತದೆ.

ಹಾಗಾದರೆ ಪೈಪ್ ಕಟರ್ ಕೊಳ್ಳಬೇಕಾ?

ಕತ್ತರಿಯ ಹಾಗಿರುವ ಪಿವಿಸಿ ಕಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಾಮಾನ್ಯವಾಗಿ 42 ಮಿ.ಮೀ ವರೆಗೆ ಹಿಡಿಯುತ್ತದೆ. ಮನೆಯಲ್ಲಿ ಅರ್ಧ, ಮುಕ್ಕಾಲು ಇಂಚಿನ ಕೆಲಸ ಆಗಾಗ ಬರುತ್ತಿದ್ದರೆ ಕೊಳ್ಳಿ. ಪುಡಿ ಉದುರುವುದಿಲ್ಲ, ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಕತ್ತರಿಸಬಹುದು. ನೀರಿನ ಲೈನಿನಲ್ಲಿ ಪುಡಿ ಬೀಳದಿರುವುದು ದೊಡ್ಡ ಲಾಭ.

ಆದರೆ ಅದು ಕೊಯ್ಯುವುದಲ್ಲ, ಅದುಮುವುದು. ಹಳೆಯ ಪೈಪಿನಲ್ಲಿ, ಸಿಪಿವಿಸಿಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡುವುದು ಅಭ್ಯಾಸ ಮಾಡಿಕೊಳ್ಳಿ. ಬಿರುಕು ಕಂಡರೆ ಅದು ಮುಗಿದ ಜಾಗದಿಂದ ಇನ್ನೂ ಎರಡು ಇಂಚು ಆಚೆ ಮತ್ತೆ ಕೊಯ್ಯಬೇಕು. ಕಾಣುವ ಬಿರುಕಿಗಿಂತ ಕಾಣದ ಬಿರುಕು ಉದ್ದ ಇರುತ್ತದೆ.

ನನ್ನ ಕೈಚೀಲದಲ್ಲಿ ಈಗ ಇರುವುದು ಇಷ್ಟು: ಒಂದು ಇಂಚಿನವರೆಗಿನ ಹೊಸ ಪೈಪಿಗೆ ಕಟರ್, ಮಿಕ್ಕಿದ್ದಕ್ಕೆಲ್ಲ ಸಣ್ಣ ಹಲ್ಲಿನ ಗರಗಸ, ಕೆಸರಿಗೆ ಆಕ್ಸಾ ಬ್ಲೇಡ್, ಒಂದು ಉಂಡೆ ದಾರ. ಮೈಟರ್ ಸಾ ಮನೆಯಲ್ಲೇ ಇರುತ್ತದೆ, ವರ್ಷಕ್ಕೊಮ್ಮೆ ಕಡ್ಡಿ ಕೊಯ್ಯಲು. ಪೈಪ್ ಕೊಯ್ಯಲಿಕ್ಕೆ ಅಂತಲೇ ಮೈಟರ್ ಸಾ ಕೊಳ್ಳುವವರಿದ್ದರೆ ಬೇಡ ಅನ್ನುತ್ತೇನೆ. ಆ ದುಡ್ಡಿಗೆ ಜಪಾನಿ ಗರಗಸ ಏಳೆಂಟು ಬರುತ್ತವೆ.

ಕೊಯ್ದ ಮೇಲೆ

ಯಾವುದರಲ್ಲೇ ಕೊಯ್ಯಿರಿ, ಅಂಚು ಸವರದೆ ಸಲ್ಯೂಷನ್ ಹಚ್ಚಬೇಡಿ. ಮರಗೆಲಸದವರಿಗೆ ಇಲ್ಲಿ ಅನುಕೂಲ ಇದೆ, ಅರ ಕೈಯಲ್ಲೇ ಇರುತ್ತದೆ. ಹೊರ ಅಂಚನ್ನು ಸುಮಾರು 15 ಡಿಗ್ರಿ ಇಳಿಜಾರು ಬರುವ ಹಾಗೆ ಎರಡು ಮೂರು ಮಿ.ಮೀ ಉಜ್ಜಿ. ಹಾಗೆ ಮಾಡದಿದ್ದರೆ ಪೈಪ್ ಒಳಗೆ ಹೋಗುವಾಗ ಅದರ ಚೂಪು ಅಂಚು ಸಾಕೆಟ್ಟಿಗೆ ಹಚ್ಚಿದ ಸಲ್ಯೂಷನ್ನನ್ನೆಲ್ಲ ಕೆರೆದು ತಳಕ್ಕೆ ತಳ್ಳುತ್ತದೆ. ಅಂಟಬೇಕಾದ ಜಾಗ ಒಣಗಿರುತ್ತದೆ. ರಬ್ಬರ್ ರಿಂಗ್ ಇರುವ 110ರ ಪೈಪಿನಲ್ಲಂತೂ ಇಳಿಜಾರು ಇಲ್ಲದಿದ್ದರೆ ರಿಂಗ್ ಮಡಚಿಕೊಂಡು ಹೊರಗೆ ಬರುತ್ತದೆ. ಒಳ ಅಂಚಿನ ನಾರನ್ನು ಚಾಕುವಿನಲ್ಲಿ ಒಂದು ಸುತ್ತು ಕೆರೆದರೆ ಸಾಕು. ಸಲ್ಯೂಷನ್ ಎರಡಕ್ಕೂ ಹಚ್ಚಿ, ಸಣ್ಣ ಪೈಪಾದರೆ ಕಾಲು ಸುತ್ತು ತಿರುಗಿಸಿ ತಳ ಮುಟ್ಟಿಸಿ, ಅರ್ಧ ನಿಮಿಷ ಹಾಗೇ ಅದುಮಿ ಹಿಡಿಯಿರಿ. ಕೈ ಬಿಟ್ಟರೆ ಪೈಪ್ ತಾನಾಗಿ ಹಿಂದಕ್ಕೆ ಜಾರುತ್ತದೆ.

ಪುಡಿಯನ್ನು ಗುಡಿಸಿ ಕಸಕ್ಕೆ ಹಾಕಿ. ಮರದ ಹೊಟ್ಟಿನ ಜೊತೆ ಬೆರೆಸಿ ಬಚ್ಚಲೊಲೆಗೆ ಹಾಕುವ ಅಭ್ಯಾಸ ಇದ್ದವರು ಇದನ್ನು ಹಾಕಬಾರದು, ಪಿವಿಸಿ ಹೊಗೆ ಒಳ್ಳೆಯದಲ್ಲ. ಪೈಪಿನ ಒಳಗೆ ಅಂಟಿದ ಪುಡಿ ಊದಿದರೂ ಹೋಗುವುದಿಲ್ಲ. ಉಜ್ಜಿದಾಗ ಪ್ಲಾಸ್ಟಿಕ್ಕಿಗೆ ಕರೆಂಟ್ ಏರಿರುತ್ತದಲ್ಲ, ಕೈ ರೋಮಕ್ಕೂ ಹಿಡಿದುಕೊಂಡಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಲ್ಯೂಷನ್ ಹಚ್ಚುವ ಮೊದಲು ಒಣಗಿಸಿ.

ಅಷ್ಟಾದರೂ ಸ್ವಲ್ಪ ಒಳಗೆ ಉಳಿದೇ ಉಳಿಯುತ್ತದೆ. ಸ್ಪ್ರಿಂಕ್ಲರ್ ಲೈನ್ ಆದರೆ ನಾಝಲ್ ಹಾಕುವ ಮೊದಲು ಪ್ರತಿ ಸಾಲಿನ ತುದಿಯ ಎಂಡ್ ಕ್ಯಾಪ್ ಬಿಚ್ಚಿ ಐದು ನಿಮಿಷ ನೀರು ಬಿಡಿ. ನಾನು ಮೊದಲ ಸಾಲಿಗೆ ಬಿಡದೆ ನಾಝಲ್ ಹಾಕಿದ್ದೆ, ಅರ್ಧದಷ್ಟು ತಿರುಗಲೇ ಇಲ್ಲ. ಬಿಚ್ಚಿ ನೋಡಿದರೆ ತೂತಿನ ತುಂಬ ಬೂದು ಬಣ್ಣದ ತುರಿ. ಎರಡನೇ ಸಾಲಿನ ಕ್ಯಾಪ್ ಬಿಚ್ಚಿ ನೀರು ಬಿಟ್ಟಾಗ ತುರಿಯ ಜೊತೆ ಎರಡು ಜಿರಲೆ, ಒಂದು ಸಣ್ಣ ಕಪ್ಪೆ ಸಹ ಬಂದವು.